ಪಲ್ಪರ್ ಮನೆಯಲ್ಲಿ ಆವಿಗೆ ಕಟ್ಟಿದವರು

ಹೋದ ವಾರ ವಸ್ತಾರೆ ಕಡೆಗೆ ಯಾರ ತಿಥಿಗೆ ಹೋಗಿದ್ದೆ ಎಂದು ನೀವಿಬ್ಬರೂ ಕೇಳಿದಿರಿ. ಬೇಕಾದವರೊಬ್ಬರು ಎಂದಷ್ಟೇ ಹೇಳಿ ಒಳಗೆ ಹೋದೆ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಶುರು ಮಾಡಿದ ಮೇಲೆ ಯಾರಾದರೂ ಬಂದು ಕೂತರೆ ಸಾಕು, ಮಾತು ಅಲ್ಲಿಗೇ ನಿಲ್ಲುತ್ತದೆ. ಬರೆಯುವುದಾದರೆ ಪರವಾಗಿಲ್ಲ. ಊರ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಬಿಟ್ಟಿಲ್ಲ.

ಅವರ ಹೆಸರು ಬರೆಯುವುದಿಲ್ಲ. ನಾವು ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಬರೆದರೆ ಬೇರೆ ಯಾರದೋ ವಿಷಯದಂತೆ ನನಗೇ ಕಾಣುತ್ತದೆ. ಅಕ್ಕ ಎನ್ನುತ್ತಿದ್ದೆವು. ಇಲ್ಲಿಯೂ ಹಾಗೆಯೇ ಇರಲಿ.

ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ಅಕ್ಕ ನಮ್ಮ ಮನೆಗೆ ಬಂದರು. ಅಜ್ಜ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದವರು. ಅವರು ಹೋದ ಮೇಲೆ ನಾನು ಹೊಸಿಲು ದಾಟುವುದನ್ನೇ ಕಡಿಮೆ ಮಾಡಿದ್ದೆ. ಬಂದವರು ದೊಡ್ಡ ತೋಟದ ಮನೆಯವರೆಂದು ಗಡಿಬಿಡಿಯಲ್ಲಿ ಚಾಪೆ ಹಾಕಿದೆ. ಅವರು ಕೂರಲಿಲ್ಲ. ಕಾಫಿ ಲೋಟ ಹಿಡಿದುಕೊಂಡೇ ಅಂಗಳಕ್ಕಿಳಿದು ನಮ್ಮ ಮಾಡಿನ ಹೆಂಚನ್ನು ನೋಡಿದರು, ಗೋಡೆ ತಟ್ಟಿದರು, ಬಾವಿಕಟ್ಟೆ ತಟ್ಟಿದರು.

"ನೀನು ಮಾತೇ ಆಡಲ್ವಂತೆ, ಹೌದಾ?"

ನಾನು ತಲೆ ತಗ್ಗಿಸಿದೆ.

"ಒಳ್ಳೇದಾಯ್ತು ಮಾರಾಯ್ತಿ. ನಂಗೆ ಇಬ್ಬರ ಪಾಲಿನ ಮಾತು ಬರುತ್ತೆ. ನಾಳೆಯಿಂದ ಪಲ್ಪರ್ ಮನೆಗೆ ಬಾ. ಹಳೇ ಸೀರೆ ಉಟ್ಕೊಂಡು ಬಾ."

"ಏನು ಕೆಲಸ ಅಮ್ಮಾವ್ರೆ?"

"ಮಣ್ಣು ಸವರೋದು. ಅಮ್ಮಾವ್ರು ಗಿಮ್ಮಾವ್ರು ಬೇಡ, ಅಕ್ಕ ಅನ್ನು."

ಇಷ್ಟು ಹೇಳುವಾಗಲೇ ಅವರು ಬೇಲಿಯ ತೊಡಮೆ ದಾಟಿ ಆಗಿತ್ತು.

ಪಲ್ಪರ್ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ. ತೋಟ ನೋಡಿಕೊಳ್ಳುತ್ತಿದ್ದುದು ಅಕ್ಕನ ತಮ್ಮ. ಅವರ ಹಳೇ ಯಂತ್ರ ತುಕ್ಕು ಹಿಡಿದು ಮೂಲೆ ಸೇರಿದ ಮೇಲೆ ಹಳ್ಳದ ಪಕ್ಕದ ಆ ಶೆಡ್ ಖಾಲಿ ಬಿದ್ದಿತ್ತು. ಅಕ್ಕ ಘಟ್ಟದ ಕೆಳಗೆ ಹೆಂಚಿನ ಕಾರ್ಖಾನೆಗಳಿರುವ ಊರಿನಲ್ಲಿ ಎಷ್ಟೋ ವರ್ಷ ಇದ್ದು ಕೆಲಸ ಕಲಿತು ಬಂದವರು. ಅಲ್ಲಿಗೆ ಯಾಕೆ ಹೋದರು, ಯಾಕೆ ಬಿಟ್ಟು ಬಂದರು ಎಂದು ನಾನು ಕೇಳಿದವಳಲ್ಲ. ಬಂದವರೇ ಆ ಶೆಡ್ಡಿಗೆ ಸೇರಿಕೊಂಡರು. ಕಾಫಿ ಬೀಜ ತೊಳೆಯುತ್ತಿದ್ದ ತೊಟ್ಟಿಗಳಲ್ಲಿ ಮಣ್ಣು ನೆನೆಹಾಕಿದರು. ಯಂತ್ರ ಇದ್ದ ಜಾಗದಲ್ಲಿ ಮಣ್ಣು ಸುಡುವ ಆವಿಗೆ ಕಟ್ಟಿಸಿದರು.

ಅಲ್ಲಿ ಮಡಕೆ ಕುಡಿಕೆ ಮಾಡುತ್ತಿರಲಿಲ್ಲ. ಕಟ್ಟಡಕ್ಕೆ ಬೇಕಾದ ಸುಟ್ಟಮಣ್ಣಿನ ತುಂಡುಗಳು: ಕಿಟಕಿಗೆ ಕೂರಿಸುವ ಜಾಲಿ, ಮಾಡಿನ ನೆತ್ತಿಗೆ ನಿಲ್ಲಿಸುವ ಮೊಗ್ಗು, ಸೂರಿನ ಕೆಳಗೆ ಸಾಲಾಗಿ ಹೋಗುವ ಹೂಪಟ್ಟಿ, ಕಂಬದ ತಲೆ. ಪೇಟೆಯಿಂದ ಬಂದವರು ಟೆರಾಕೋಟ ಎನ್ನುತ್ತಿದ್ದರು. ಹಳೇ ಬಂಗಲೆಗಳಲ್ಲಿ ಒಡೆದುಹೋದ ಒಂದು ಹೂವನ್ನೋ ಎಲೆಯನ್ನೋ ಹಿಡಿದುಕೊಂಡು ಬರುವರು. ಅಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಬೆರಳಗಂಟಿನಿಂದ ತಟ್ಟಿ ಕಿವಿಗೆ ಹಿಡಿಯುವರು. ಗಂಟೆಯಂತೆ ಕೇಳಿಸಿದರೆ ಚೆನ್ನಾಗಿ ಬೆಂದಿದೆ ಎಂದರ್ಥ. ಮಂದವಾಗಿ ಕೇಳಿಸಿದರೆ ಒಳಗೆಲ್ಲೋ ಬಿರುಕಿದೆ.

ಈ ತಟ್ಟುವ ಚಾಳಿಯಿಂದ ನಮಗೆ ಆದ ಮುಜುಗರ ಅಷ್ಟಿಷ್ಟಲ್ಲ. ಮದುವೆ ಮನೆಗೆ ಹೋದರೆ ಧಾರೆಯ ಹೊತ್ತಿಗೆ ಅಕ್ಕ ಕಂಬ ತಟ್ಟುತ್ತಿರುವರು. ಚಿಕ್ಕಮಗಳೂರಿನ ಪೇಟೆಯಲ್ಲಿ ನಡೆದು ಹೋಗುವಾಗ ಮಹಡಿಗಳ ಕಡೆ ಕತ್ತೆತ್ತಿಕೊಂಡೇ ಹೋಗುವರು. ನಾನು ಹಿಂದಿನಿಂದ ಸೆರಗು ಹಿಡಿದು ಚರಂಡಿ ತಪ್ಪಿಸಬೇಕು. ಒಂದು ಸಾವಿನ ಮನೆಯಲ್ಲಿ, ಹೆಣ ಇನ್ನೂ ಎತ್ತಿಲ್ಲ, ಇವರು ಜಗುಲಿಯ ನೆಲದ ಬಿಲ್ಲೆ ಕುಕ್ಕುರುಗಾಲಿನಲ್ಲಿ ಬಗ್ಗಿ ತಟ್ಟಿ, "ಇದು ಸಮುದ್ರದ ಕಡೆ ಮಣ್ಣು ಕಣೇ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಆ ಮನೆಯ ಸೊಸೆ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಅತ್ತಿಗುಂಡಿ ಕಡೆ ಹೋಂಸ್ಟೇ ನಡೆಸುವ ಒಬ್ಬರು ಒಮ್ಮೆ ಬಂದರು.

"ಅಕ್ಕ, ನೋಡೋಕೆ ನೂರು ವರ್ಷದ ಹಳೇದರ ಥರ ಇರ್ಬೇಕು, ಆದ್ರೆ ಹೊಸದಾಗಿರ್ಬೇಕು. ಪಾಚಿ ಗೀಚಿ ಹಿಡಿದಿರೋ ಹಂಗೆ."

"ಆಗಲಿ. ಹೊಸದು ತಗೊಂಡು ಹೋಗಿ ಮಳೆಗಿಡಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ತಯಾರಾಗುತ್ತೆ."

ಅವರು ನಕ್ಕರು. ಅಕ್ಕ ತಮಾಷೆಗೆ ಹೇಳಿದ್ದಲ್ಲ ಎಂದು ಆಮೇಲೆ ತಿಳಿದಿರಬೇಕು, ಮತ್ತೆ ಬರಲಿಲ್ಲ.

ಕೆಲಸ ಹೇಗೆ ನಡೆಯುತ್ತಿತ್ತು ಎಂದು ಬರೆಯುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ಹಿಡಿಯುವುದಿಲ್ಲ. ಗದ್ದೆಯ ಅಡಿಮಣ್ಣು ತಂದು, ನೆನೆಸಿ, ಸೋಸಿ, ಅದಕ್ಕೆ ಒಡೆದ ಹೆಂಚಿನ ಪುಡಿ ಬೆರೆಸುತ್ತಿದ್ದೆವು. ಒಮ್ಮೆ ಬೆಂದ ಪುಡಿ ಸೇರಿದರೆ ಹಸಿಮಣ್ಣು ಅಷ್ಟಾಗಿ ಬಿರಿಯುವುದಿಲ್ಲ. ಕಾಲಲ್ಲಿ ತುಳಿದು, ಕೈಯಲ್ಲಿ ನಾದಿ, ಪ್ಲಾಸ್ಟರಿನ ಅಚ್ಚಿಗೆ ಹೆಬ್ಬೆರಳಿನಿಂದ ಒತ್ತುವುದು. ಅಚ್ಚು ನೀರನ್ನು ಹೀರಿಕೊಂಡ ಮೇಲೆ ತುಂಡು ತಾನಾಗಿ ಬಿಟ್ಟುಕೊಳ್ಳುತ್ತದೆ. ಅದರ ಅಂಚನ್ನು ಬಿದಿರು ಚೂರಿಯಿಂದ ತೆಗೆದು ಒದ್ದೆ ಬಟ್ಟೆಯಿಂದ ಸವರುವುದು ನನ್ನ ಕೆಲಸ. ಆಮೇಲೆ ನೆರಳಲ್ಲಿ, ಗೋಣಿಚೀಲ ಹೊದಿಸಿ, ನಿಧಾನ ಒಣಗಿಸಬೇಕು. ಬಿಸಿಲಿಗಿಟ್ಟರೆ ಹಪ್ಪಳದಂತೆ ಸೊಟ್ಟಗಾಗುತ್ತದೆ.

ಒಂದು ಸಲ ಸುಟ್ಟು ತೆಗೆದು ಮುಖಕ್ಕೆ ಗ್ಲೇಜು ಹುಯ್ಯುತ್ತಿದ್ದೆವು. ಗಾಜಿನ ಪುಡಿಯನ್ನು ನೀರಲ್ಲಿ ಕದಡಿದ್ದು, ನೋಡಲು ನೀರುಮಜ್ಜಿಗೆ. ಹಸಿರು ಬೇಕಾದರೆ ತಾಮ್ರದ ಪುಡಿ, ಕಂದು ಬೇಕಾದರೆ ಕಬ್ಬಿಣದ್ದು. ಹುಯ್ದಾಗ ಬಣ್ಣವೇ ಇರುವುದಿಲ್ಲ. ಎರಡನೇ ಸಲ ಆವಿಗೆಗೆ ಹೋಗಿ ಬಂದ ಮೇಲೆಯೇ ಅದು ಕರಗಿ ಹಲಸಿನೆಲೆಯಂತೆ ಹೊಳೆಯುವುದು. ಹಿಂಬದಿಗೆ ಮಾತ್ರ ಒಂದು ಹನಿಯೂ ತಾಗಬಾರದು. "ಮುಂದೆ ಗಾಜು ಮಳೆಗೆ, ಹಿಂದೆ ಮಣ್ಣು ಗೋಡೆಗೆ. ಗಾರೆ ಗಾಜನ್ನ ಹಿಡಿಯಲ್ಲ" ಎಂದು ಅಕ್ಕ ದಿನಕ್ಕೊಮ್ಮೆಯಾದರೂ ಹೇಳುವರು.

ಸಿಲ್ವರ್ ಓಕ್ ಕೊಂಬೆಗಳ ಬೆಂಕಿ. ಉರಿ ನಿಲ್ಲಿಸಿದ ಮೇಲೂ ಆವಿಗೆಯ ಬಾಯಿ ತೆಗೆಯುವ ಹಾಗಿಲ್ಲ. ತಣ್ಣನೆ ಗಾಳಿ ಒಳಗೆ ಹೋದರೆ ಅಷ್ಟೂ ಟಣ್ ಟಣ್ ಎಂದು ಸೀಳುತ್ತವೆ. ಕಾಯಬೇಕು. ಅಕ್ಕನಿಗೆ ಬಾರದ ಕೆಲಸ ಅದೊಂದೇ. ಆವಿಗೆಯ ಸುತ್ತ ತಿರುಗುವರು, ಇಟ್ಟಿಗೆಗೆ ಅಂಗೈ ಹಿಂಬದಿ ಇಟ್ಟು ನೋಡುವರು, ಹಳ್ಳದವರೆಗೆ ಹೋಗಿ ಬರುವರು, ಮತ್ತೆ ಕೈ ಇಡುವರು. "ಮಣ್ಣಿಗೆ ನಮ್ಮ ಅವಸರ ಗೊತ್ತಿಲ್ಲ, ತಾಳ್ಮೆಯಿಂದಿರ್ರೇ" ಎಂದು ಸುಮ್ಮನೆ ಕೂತಿದ್ದ ನಮಗೇ ಬೈಯುವರು. ಜೊತೆಗಿದ್ದ ಸುಶೀಲ ಬಾಯಿಬಡುಕಿ. "ನಾವು ತಾಳ್ಮೆಯಿಂದಿದ್ದೀವಿ ಅಕ್ಕ, ನೀವು ತಿರುಗೋದು ನೋಡಿ ಆವಿಗೆಗೇ ತಲೆ ಸುತ್ತಿರ್ಬೇಕು" ಎನ್ನುವಳು.

ಇನ್ನೊಂದು ವಿಷಯ, ಇದನ್ನು ಸರಿಯಾಗಿ ಓದಿ. ಹಸಿಮಣ್ಣು ಒಣಗಿ ಬೆಂದ ಮೇಲೆ ಕುಗ್ಗುತ್ತದೆ. ಅಡಿ ಉದ್ದದ ತುಂಡು ಹೆಚ್ಚುಕಡಿಮೆ ಒಂದು ಅಂಗುಲ ಸಣ್ಣದಾಗುತ್ತದೆ. ಪ್ರತಿ ಸಲ ಲೆಕ್ಕ ಹಾಕುವ ತಾಪತ್ರಯ ಬೇಡವೆಂದು ಅಕ್ಕ ಒಂದು ಕೋಲು ಮಾಡಿಸಿದ್ದರು. ಅದರ ಅಡಿ ನಿಜವಾದ ಅಡಿಗಿಂತ ಉದ್ದ. ಅದಕ್ಕೆ ಮಣ್ಣುಕೋಲು ಎನ್ನುತ್ತಿದ್ದೆವು. ಅಚ್ಚುಗಳನ್ನೆಲ್ಲ ಅದರಲ್ಲೇ ಅಳೆದು ಮಾಡಿದರೆ ಬೆಂದ ಮೇಲೆ ಸರಿಯಳತೆಗೆ ಬಂದು ನಿಲ್ಲುತ್ತವೆ. ಆದರೆ ಗೋಡೆಯನ್ನು ಮಾತ್ರ ಎಲ್ಲರ ಟೇಪಿನಲ್ಲಿಯೇ ಅಳೆಯಬೇಕು.

ಒಂದು ವರ್ಷ ಬೇಸಗೆಯಲ್ಲಿ ಮಲ್ಲಂದೂರಿನ ಆಚೆ ಒಂದು ಎಸ್ಟೇಟ್ ಆಸ್ಪತ್ರೆಯಿಂದ ಕರೆ ಬಂತು. ಬಾಣಂತಿಯರ ವಾರ್ಡಿನ ಕಿಟಕಿಗಳಿಗೆ ಹಳೇ ಕಾಲದ ಹಸಿರು ಜಾಲಿ. ಗಾಜಿನ ಕದವಿಲ್ಲ, ಗಾಳಿ ಬರಬೇಕು, ಎರಚಲು ಬರಬಾರದು, ಹಾಗೆ ಓರೆಯಾಗಿ ಕಣ್ಣು ಕೊರೆದ ಜಾಲಿ. ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು ಉಬ್ಬಿ ಎಲ್ಲವೂ ಒಡೆದಿದ್ದವು. ಅಲ್ಲಿನ ಡಾಕ್ಟ್ರಮ್ಮ ಹೇಳಿದ್ದಿಷ್ಟೇ: "ಅಕ್ಕ, ನಂಗೆ ಚೆಂದ ಬೇಡ. ಗಾಳಿ ಬರ್ಲಿ, ಮಳೆ ಬರದಿರ್ಲಿ."

ಅದೇ ಹೊತ್ತಿಗೆ ಅಕ್ಕನ ತಮ್ಮ ಹೊಸ ಪಲ್ಪರ್ ಗೊತ್ತು ಮಾಡಿ ಬಂದಿದ್ದರು. ಒಂದು ಬೆಳಿಗ್ಗೆ ಶೆಡ್ಡಿಗೆ ಬಂದು ಬಾಗಿಲಲ್ಲೇ ನಿಂತರು.

"ಅಕ್ಕ, ಈ ಸಲದ ಹಣ್ಣಿಗೆ ಜಾಗ ಬೇಕು ನಂಗೆ. ನೀರು, ತೊಟ್ಟಿ ಎಲ್ಲ ಇಲ್ಲೇ ಇದೆ."

"ಮತ್ತೆ ನಾವು?"

"ಮಕ್ಕಳಾಟ ಅಂತ ಇಷ್ಟು ದಿನ ಬಿಟ್ಟೆ."

"ಆಸ್ಪತ್ರೆ ಕೆಲಸ ಮಕ್ಕಳಾಟನಾ?"

ತಮ್ಮ ಸ್ವಲ್ಪ ಹೊತ್ತು ಆವಿಗೆ ನೋಡಿದರು. "ಸರಿ. ಮುಂಗಾರು ಹಿಡಿಯೋದರೊಳಗೆ ಆ ಜಾಲಿ ಗೋಡೆಗೆ ಕೂರ್ಬೇಕು. ಕೂತರೆ ಶೆಡ್ ನಿಂದು, ಪಲ್ಪರ್ ಬೇರೆ ಕಡೆ. ಇಲ್ದಿದ್ರೆ ಆವಿಗೆ ಒಡೆಸ್ತೀನಿ, ಬೇಜಾರು ಮಾಡ್ಕೋಬಾರ್ದು."

ಅವತ್ತಿನಿಂದ ಅಕ್ಕನ ನಡಿಗೆ ಓಟವಾಯಿತು. ಆ ಶೆಡ್ ಹೋದರೆ ನಾನು ಮತ್ತೆ ಅಡಿಗೆಮನೆಯ ಗೋಡೆ ನೋಡುತ್ತ ಕೂರಬೇಕಿತ್ತು. ಜೊತೆಗೆ ಮಣ್ಣು ತುಳಿಯುತ್ತಿದ್ದ ಬೇರೆ ಹೆಂಗಸರು ಕೂಲಿಗೆ ತೋಟ ತೋಟ ಅಲೆಯಬೇಕಿತ್ತು. ಅಕ್ಕನಿಗೋ, ಆ ಆವಿಗೆ ಬಿಟ್ಟರೆ ತಮ್ಮದೆನ್ನುವುದು ಬೇರೇನಿರಲಿಲ್ಲ.

ಅಳತೆಗೆಂದು ಆಸ್ಪತ್ರೆಗೆ ಹೋದ ದಿನ ಗಾರೆ ಮೇಸ್ತ್ರಿ ಟೇಪು ಕಿಸೆಯಲ್ಲಿಟ್ಟುಕೊಂಡು ಊಟಕ್ಕೆ ಹೋಗಿದ್ದ. ಬರುತ್ತಾನೆ ಎಂದರು. ಅಕ್ಕ ಗೇಟಿನವರೆಗೆ ಎರಡು ಸಲ ಹೋಗಿ ನೋಡಿ ಬಂದರು. ಮೂರನೆಯ ಸಲ ಹೋಗುವ ಬದಲು ಜೀಪಿನಿಂದ ಕೋಲು ತೆಗೆದು ತಾವೇ ಅಳೆದರು. ಅದು ಮಣ್ಣುಕೋಲು. ಉದ್ದದ ಕೋಲಿನಲ್ಲಿ ಅಳೆದರೆ ಕಿಟಕಿ ಇರುವುದಕ್ಕಿಂತ ಚಿಕ್ಕದೆಂದು ಬರುತ್ತದೆ. ಆ ಚಿಕ್ಕ ಅಳತೆ ಹಿಡಿದುಕೊಂಡು ನಾವು ಅಚ್ಚು ಮಾಡಿದೆವು, ಒತ್ತಿದೆವು, ಒಣಗಿಸಿದೆವು, ಸುಟ್ಟೆವು, ಗ್ಲೇಜು ಹುಯ್ದು ಮತ್ತೆ ಸುಟ್ಟೆವು. ಆವಿಗೆ ತೆಗೆದಾಗ ಒಂದೂ ಒಡೆದಿರಲಿಲ್ಲ. ಅಂಥ ಹಸಿರು ನಮಗೆ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಸುಶೀಲ ಒಂದನ್ನು ಮುಖಕ್ಕೆ ಹಿಡಿದು ಕುಂಕುಮ ಸರಿಮಾಡಿಕೊಂಡಳು.

ಮೋಡ ಕಟ್ಟುತ್ತಿತ್ತು. ಜೀಪಿನಲ್ಲಿ ಹುಲ್ಲು ಹಾಸಿ ಜಾಲಿ ಒಯ್ದೆವು. ಮೇಸ್ತ್ರಿ ಮೊದಲನೆಯ ಕಿಟಕಿಗೆ ಗಾರೆಯಿಲ್ಲದೆ ಜೋಡಿಸಿ ನೋಡಿದ. ಸುತ್ತಲೂ ಎರಡು ಬೆರಳು ತೂರುವಷ್ಟು ಸಂದು.

"ಅಕ್ಕ, ಕಿಟಕಿ ಬೆಳೀತೋ, ಜಾಲಿ ಸೊರಗಿತೋ?"

ಅಕ್ಕ ಜೀಪಿಗೆ ಹೋಗಿ ಕೋಲು ತಂದು ಮೇಸ್ತ್ರಿಯ ಟೇಪಿನ ಪಕ್ಕ ಇಟ್ಟರು. ಇಟ್ಟವರು ನೋಡಲೂ ಇಲ್ಲ, ಅವರಿಗೆ ಗೊತ್ತಾಗಿತ್ತು.

"ನಾನೇ ಅಳೆದದ್ದು," ಎಂದರು.

ಮೇಸ್ತ್ರಿ ಒಳ್ಳೆಯವನು. "ಹೋಗ್ಲಿ ಬಿಡಿ ಅಕ್ಕ, ಗಾರೆ ತುಂಬ್ತೀನಿ. ಹಸಿರು ಪೇಂಟ್ ಹೊಡೆದ್ರೆ ನಿಮ್ಮ ತಮ್ಮನಿಗೆ ದೇವರಾಣೆ ಗೊತ್ತಾಗಲ್ಲ."

"ಇಷ್ಟು ದಪ್ಪ ಗಾರೆ ಬಿರಿಯುತ್ತೆ ಮಾರಾಯ. ನೀರು ಒಳಗೆ ಹೋಗಿ ಕೂರುತ್ತೆ. ಹಳೇದು ಸತ್ತಿದ್ದೂ ಹಂಗೇ. ಅಂಚಿಗೆ ಪಟ್ಟಿ ಮಾಡ್ತೀನಿ."

"ಮಳೆ?"

ಅಕ್ಕ ಜೀಪು ಹತ್ತಿದರು.

ಎರಡು ಬೆರಳಗಲದ ಪಟ್ಟಿಗಳನ್ನು ಅಂದೇ ಒತ್ತಲು ಶುರು ಮಾಡಿದೆವು. ಗೋಡೆಯ ಅಳತೆ ಈಗ ಟೇಪಿನದು. ಪಟ್ಟಿಯ ಮೇಲೆ ಅಕ್ಕ ತಾವೇ ಕಾಫಿಹೂವಿನ ಸಾಲು ಕೆತ್ತಿದರು. ಪಟ್ಟಿ ಅಚ್ಚಿನಿಂದ ಬಿಡುವ ಹೊತ್ತಿಗೆ ಮಳೆ ಹಿಡಿಯಿತು. ನಿಮಗೆ ಗೊತ್ತಲ್ಲ ನಮ್ಮ ಕಡೆಯ ಮುಂಗಾರು, ಹಗ್ಗದ ಮೇಲಿನ ಬಟ್ಟೆಗೇ ಬೂಸಲು ಬರುತ್ತದೆ. ಮಣ್ಣು ಎಲ್ಲಿಂದ ಒಣಗಬೇಕು? ಹಸಿಯಾಗಿ ಆವಿಗೆಗೆ ಇಟ್ಟರೆ ಒಳಗಿನ ನೀರು ಕುದಿದು ಸಿಡಿಯುತ್ತದೆ. ಒಲೆಯ ಪಕ್ಕ ಇಟ್ಟವು ಬಾಗಿದವು. ಅಟ್ಟಕ್ಕಿಟ್ಟವು ಹಾಗೇ ತಣ್ಣಗಿದ್ದವು. ಆಸ್ಪತ್ರೆಯ ಕಿಟಕಿಗಳಿಗೆ ಟಾರ್ಪಾಲು ಕಟ್ಟಿದ್ದರು, ಗಾಳಿಗೆ ಅದು ಪಟಪಟ ಹೊಡೆದುಕೊಳ್ಳುತ್ತದೆ, ಮಂಚಗಳನ್ನೆಲ್ಲ ನಡುವಿಗೆ ಎಳೆದು ಕೂಸುಗಳನ್ನು ಕಂಬಳಿಯಲ್ಲಿ ಸುತ್ತಿದ್ದಾರೆ ಎಂದು ಮೇಸ್ತ್ರಿ ಬಂದು ಹೇಳಿದ.

ಅಕ್ಕ ಸೊಂಟಕ್ಕೆ ಸೆರಗು ಕಟ್ಟಿ, "ಬಾ ನನ್ನ ಜೊತೆ. ನೀನು ಸುಮ್ಮನೆ ನಿಂತಿದ್ರೆ ಅವನು ಕಡಿಮೆ ಬೈತಾನೆ" ಎಂದರು. ಕೊಡೆ ಬಿಚ್ಚಿ ಇಬ್ಬರೂ ತೋಟದ ಮನೆಗೆ ಹೋದೆವು.

ಅವರ ತಮ್ಮ ಅಂಗಳದಲ್ಲಿ ಮಳೆ ಅಳೆಯುವ ಕೊಳವೆ ಹಿಡಿದುಕೊಂಡು ನಿಂತಿದ್ದರು.

"ಬೆಳಿಗ್ಗೆಗೆ ಎರಡೂವರೆ ಇಂಚು ಅಕ್ಕ. ಸರಿಯಾದ ಅಳತೆ, ನಿನ್ನ ಕೋಲಲ್ಲಿ ಅಲ್ಲ."

"ಗೊತ್ತಾಗಿದೆಯಾ?"

"ವಸ್ತಾರೆ ತನಕ ಗೊತ್ತಾಗಿದೆ."

"ಡ್ರೈಯರ್ ಬೇಕು."

ಪಾರ್ಚ್‌ಮೆಂಟ್ ಕಾಫಿಯನ್ನು, ಅಂದರೆ ಸಿಪ್ಪೆ ಬಿಡಿಸಿ ತೊಳೆದ ಬೀಜವನ್ನು, ಬಿಸಿಗಾಳಿಯಲ್ಲಿ ಒಣಗಿಸುವ ಯಂತ್ರ ಅದು. ಕೊಯ್ಲಿನ ಕಾಲ ಬಿಟ್ಟರೆ ಮುಚ್ಚಿಟ್ಟಿರುತ್ತಾರೆ.

"ಈ ಮಳೆಗಾಲದಲ್ಲಿ ಯಾವ ಕಾಫಿ ಕೊಯ್ದೆ ನೀನು?"

"ತಮಾಷೆ ಸಾಕು."

"ಮಾತು ಮಾತೇ ಅಕ್ಕ. ಮುಂಗಾರು ಹಿಡೀತು. ಶೆಡ್ ವಿಷಯ..."

"ನಾನು ಶೆಡ್ ಕೇಳೋಕೆ ಬಂದಿಲ್ಲ ಮಾರಾಯ. ಅಲ್ಲಿ ಬಾಣಂತೀರ ಮಂಚಕ್ಕೆ ಎರಚಲು ಹೊಡೀತಿದೆ. ಅಳತೆ ತಪ್ಪಿದ್ದು ನಾನು. ಪಟ್ಟಿ ಒಣಗಿಸಿ ಕೊಡು, ಆಮೇಲೆ ಆವಿಗೆ ಒಡೆಸ್ಕೋ, ಹಾರೆ ನಾನೇ ಹಿಡಿದು ಕೊಡ್ತೀನಿ."

ತಮ್ಮ ಕೊಳವೆಯ ನೀರು ಚೆಲ್ಲಿ ಒಳಗೆ ಹೋದರು. ಬರುವಾಗ ಡ್ರೈಯರ್ ಮನೆಯ ಬೀಗದ ಕೈ ತಂದರು.

ಕಾಫಿ ಹರಡುವ ಜರಡಿ ತಟ್ಟೆಯ ಮೇಲೆ ಹಲಗೆಗಳ ನಡುವೆ ನಮ್ಮ ಪಟ್ಟಿಗಳು ಮಲಗಿದವು. ಅಕ್ಕ ಒಲೆಗೆ ಇನ್ನೊಂದು ಕೊರಡು ತುರುಕಲು ಹೋದರೆ ತಮ್ಮ ಕೈ ಹಿಡಿದರು.

"ಪಾರ್ಚ್‌ಮೆಂಟಿಗೇ ಮೊದಲ ದಿನ ಜೋರು ಬೆಂಕಿ ಕೊಡಲ್ಲ. ಮೇಲೆ ಒಣಗಿ ಒಳಗೆ ಹಸಿ ಉಳಿಯುತ್ತೆ. ನಿನ್ನ ಮಣ್ಣೇನು ಬೇರೆನಾ?"

"ಇದನ್ನ ನಾನು ಇವರಿಗೆ ದಿನಾ ಹೇಳ್ತೀನಿ."

"ಹೇಳ್ತೀಯ. ಹೊರಗೆ ಹೋಗು."

ಅಕ್ಕ ಹೊರಗೆ ಹೋದರು. ಕಿಟಕಿಯಿಂದ ನೋಡಿದರೆ ಕೊಡೆಯೊಂದು ಕಣದ ತುದಿಯಿಂದ ತುದಿಗೆ ಹೋಗುತ್ತ ಬರುತ್ತ ಇತ್ತು. ಒಳಗೆ ತಮ್ಮ ಕುರ್ಚಿ ಹಾಕಿ ಕೂತು, ಆಗಾಗ ಒಂದು ಪಟ್ಟಿ ಎತ್ತಿ ಕೆನ್ನೆಗೆ ತಾಗಿಸಿ ತಣ್ಣಗಿದೆಯೋ ಎಂದು ನೋಡುತ್ತಿದ್ದರು. ತಣ್ಣಗಿದ್ದರೆ ಇನ್ನೂ ನೀರಿದೆ ಎಂದು. ಅದನ್ನು ಅವರಿಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ, ನಾವು ಹೇಳಿರಲಿಲ್ಲ. ಎಂದೋ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿರಬೇಕು.

ಪಟ್ಟಿಗಳು ಒಣಗಿದವು, ಬೆಂದವು, ಹೊಳಪು ಬಂತು. ಸುರಿಯುವ ಮಳೆಯಲ್ಲೇ ಟಾರ್ಪಾಲು ಹಿಡಿದುಕೊಂಡು ಜಾಲಿ ಕೂರಿಸಿದೆವು. ನಡುವೆ ಹಳೇ ಜಾಲಿಯಂಥದೇ ಜಾಲಿ, ಸುತ್ತ ಕಾಫಿಹೂವಿನ ಅಂಚು. ಕೊನೆಯ ಕಿಟಕಿಯಾದ ಮೇಲೆ ವಾರ್ಡಿನಲ್ಲಿ ಟಾರ್ಪಾಲಿನ ಸದ್ದು ನಿಂತಿತು. ಒಬ್ಬ ಬಾಣಂತಿ ಮಂಚವನ್ನು ಮತ್ತೆ ಕಿಟಕಿಯ ಹತ್ತಿರ ಎಳೆಸಿಕೊಂಡಳು.

"ಅಂಚು ಬಹಳ ಲಾಯ್ಕಿದೆ ಅಕ್ಕ. ಮೊದಲಿನದಕ್ಕೆ ಇರ್ಲಿಲ್ಲ," ಎಂದರು ಡಾಕ್ಟ್ರಮ್ಮ.

"ಇರಬಾರ್ದಾಗಿತ್ತು. ನಾನು ಕೋಲು ತಪ್ಪಿದ್ದಕ್ಕೆ ಬಂದದ್ದು ಅದು."

ಡಾಕ್ಟ್ರಮ್ಮನಿಗೆ ಅರ್ಥವಾಗಲಿಲ್ಲ. ಆಮೇಲೆ ಬಂದವರೆಲ್ಲ ಆ ಅಂಚಿನ ಜಾಲಿಯೇ ಬೇಕೆಂದು ಕೇಳತೊಡಗಿದರು. ಕೇಳಿದಾಗಲೆಲ್ಲ ಅಕ್ಕ ಸಿಡುಕುವರು, ಮತ್ತು ಪ್ರತಿಯೊಬ್ಬರಿಗೂ ಕೋಲಿನ ಕಥೆ ಹೇಳುವರು.

ಆದರೆ ಕೇಳಿದವರಿಗೆಲ್ಲ ಹೂಂ ಎನ್ನಲು ಶೆಡ್ ಇರುತ್ತದೆಯೋ ಇಲ್ಲವೋ ಗೊತ್ತಿರಲಿಲ್ಲ. ಮಾತಿನ ಪ್ರಕಾರ ಅಕ್ಕ ಸೋತಿದ್ದರು. ತಮ್ಮ ಒಂದು ದಿನ ಆಸ್ಪತ್ರೆಗೆ ಹೋಗಿ ಜಾಲಿ ನೋಡಿ ಬಂದರಂತೆ. ಏನೂ ಹೇಳಲಿಲ್ಲ. ಆಷಾಢ ಕಳೆಯಿತು, ಹೇಳಲಿಲ್ಲ. ಅಕ್ಕ ಒಂದು ದಿನ ಅಚ್ಚುಗಳನ್ನೆಲ್ಲ ಹುಲ್ಲಿನಲ್ಲಿ ಕಟ್ಟಿಸಿದರು, ಮರುದಿನ ಬಿಚ್ಚಿಸಿದರು. "ಬೇರೆ ಕೆಲಸ ನೋಡ್ಕೊಳ್ರೇ" ಎಂದು ಬೆಳಿಗ್ಗೆ, "ಎಲ್ಲಿಗೂ ಹೋಗ್ಬೇಡ್ರೇ" ಎಂದು ಸಂಜೆ. ಶೆಡ್ಡಿನಿಂದ ತೋಟದ ಮನೆಗೆ, ತೋಟದ ಮನೆಯಿಂದ ಶೆಡ್ಡಿಗೆ, ಕೇಳಿಬಿಡಬೇಕೆಂದು ಹೋಗಿ ಕೇಳದೆ ಬರುವರು. ಅವರ ಜೊತೆ ನಮಗೂ ಊಟ ರುಚಿಸುತ್ತಿರಲಿಲ್ಲ. ತಮ್ಮನ ಜೀಪಿನ ಸದ್ದಾದರೆ ಕೈಯಲ್ಲಿದ್ದ ಮಣ್ಣು ಹಾಗೇ ನಿಲ್ಲುತ್ತಿತ್ತು, ಇವತ್ತು ಹಾರೆ ತಂದರೇನೋ ಎಂದು.

ಗಣೇಶನ ಹಬ್ಬ ಕಳೆದ ಮೇಲೆ ಮಳೆ ನಿಂತು ಹೊಳವಾಯಿತು. ಬಿಸಿಲು ಬಿದ್ದ ಒಂದು ದಿನ ಅಕ್ಕ ನನ್ನನ್ನು ಕರೆದುಕೊಂಡು ಹೋಗಿ ತಮ್ಮನ ಎದುರು ನಿಂತೇಬಿಟ್ಟರು.

"ನಂಗೆ ಇನ್ನು ತಡೆಯೋಕಾಗಲ್ಲ. ಶೆಡ್ ವಿಷಯ ಏನ್ ಮಾಡ್ದೆ?"

ತಮ್ಮ ತಿಂಡಿ ತಿನ್ನುತ್ತಿದ್ದರು. "ಯಾವ ಶೆಡ್?"

"ಪಲ್ಪರ್ ಎಲ್ಲಿ ಕೂರಿಸ್ತೀಯ?"

"ಡ್ರೈಯರ್ ಮನೆ ಹಿಂದೆ. ಪಾಯ ತೋಡಿಸಿ ಆಗಿದೆ ಆಗ್ಲೇ. ದಿನಾ ಅದನ್ನ ಸುತ್ತಿ ಬಳಸ್ಕೊಂಡೇ ಓಡಾಡ್ತಿದ್ದೀಯಲ್ಲ."

ನಾನು ಅಕ್ಕನ ಮುಖ ನೋಡಲಿಲ್ಲ, ನೋಡಲು ಧೈರ್ಯ ಬರಲಿಲ್ಲ.

"ಮೊದಲೇ ಹೇಳೋಕೇನಾಗಿತ್ತು ನಿಂಗೆ?"

"ಹೇಳೋಕೆ ನೀನು ಎಲ್ಲಾದ್ರೂ ನಿಂತಿದ್ರಲ್ವಾ ಅಕ್ಕ?"

ಅಕ್ಕ ಡ್ರೈಯರ್ ಮನೆಯ ಹಿಂದಕ್ಕೆ ನಡೆದರು. ನಾನೂ ಹಿಂದೆ ಹೋದೆ. ಕೆಂಪು ಗುಂಡಿ, ಅದರಲ್ಲಿ ನಿಂತ ಮಳೆನೀರು, ಬದಿಗೆ ರಾಶಿ ಹಾಕಿದ ಕಲ್ಲು. ಅವರು ಅದನ್ನು ಸುತ್ತಿ ಬಂದರು, ಸೆರಗಿನಿಂದ ಮೂಗು ಒರೆಸಿಕೊಂಡರು, ಬಗ್ಗಿ ಒಂದು ಮೂಲೆಯನ್ನು ಒಂದು ಕಣ್ಣು ಮುಚ್ಚಿ ನೋಡಿದರು.

"ಈ ಮೂಲೆ ಓರೆ ಹೋಗಿದೆ," ಎಂದವರೇ ಮೇಸ್ತ್ರಿಯನ್ನು ಕರೆಯಲು ಹೊರಟುಹೋದರು.